ಉಪ್ಪು ಹೊತ್ತವಳ ಮುಖ

"ಆ ಮೂಗಿನಿಂದ ಕೈ ತೆಗೀರಿ, ಅಮೆರಿಗೊ."

ಶಿಲ್ಪಿ ಫೋಸ್ಕಾ ದನಿಯೇರಿಸಲಿಲ್ಲ. ಎರಕದ ಮನೆಯ ಬಾಗಿಲಲ್ಲಿ ಕೈಗವಸು ಬಿಚ್ಚುತ್ತ, ಒಲೆಯ ಮೇಲೆ ಹಾಲು ಉಕ್ಕುತ್ತಿದೆ ನೋಡಿ ಎನ್ನುವ ಹಾಗೆ ಹೇಳಿದಳು. ಆದರೂ ಅಮೆರಿಗೊನ ಹೆಬ್ಬೆರಳು ನೆಲುವಿಗೆ ಹಾರಿ ಸಿಕ್ಕಿಬಿದ್ದ ಬೆಕ್ಕಿನಂತೆ ಇದ್ದಲ್ಲೇ ನಿಂತಿತು.

ನಿಜಕ್ಕೂ ಅಲ್ಲಿ ಮೂಗೇ ಇರಲಿಲ್ಲ. ಆಳೆತ್ತರಕ್ಕಿಂತ ಒಂದು ಗೇಣು ಹೆಚ್ಚೇ ಇದ್ದ ಕಂದು ಮೇಣದ ಹೆಂಗಸು. ಬೆನ್ನ ಮೇಲೆ ಮೂಟೆ, ಮುಂದಕ್ಕೆ ಬಾಗಿದ ಮೈ, ತಲೆಗೆ ಬಿಗಿದ ವಸ್ತ್ರ. ವಸ್ತ್ರದ ಕೆಳಗೆ ಮುಖ ಇರಬೇಕಾದ ಕಡೆ ನೀರು ಸವೆಸಿದ ಬಂಡೆಯಂತೆ ಬರೀ ಒಂದು ಇಳಿಜಾರು. ಆ ಇಳಿಜಾರಿನ ನಟ್ಟನಡುವೆ, ಈಗಷ್ಟೇ, ಹುರುಳಿಕಾಳಿನ ಗಾತ್ರದ ಮೇಣವೊಂದು ಬಂದು ಕೂತಿತ್ತು.

"ಗುಳ್ಳೆ ಒಡೆದು ಗುಳಿ ಬಿದ್ದಿತ್ತು ಅಮ್ಮಾವ್ರೆ. ಮುಚ್ತಾ ಇದ್ದೆ."

"ಗುಳಿ ಮುಚ್ಚೋಕೆ ಹೊಳ್ಳೆ ಯಾಕೆ ಬೇಕಾಯ್ತು?"

"ಗುಳೀನೂ ಉಸಿರಾಡಬೇಕಲ್ಲ."

ಮೂಲೆಯಲ್ಲಿ ಇಟ್ಟಿಗೆಪುಡಿಯನ್ನು ಜರಡಿ ಹಿಡಿಯುತ್ತಿದ್ದ ಯಜಮಾನ ಗ್ವಾಲ್ತಿಯೆರೊ ಕೆಮ್ಮಿದ ಹಾಗೆ ಮಾಡಿ ನಕ್ಕ. ಫೋಸ್ಕಾ ಹತ್ತಿರ ಬಂದು ಆ ಕಾಳನ್ನು ಉಗುರಿನಿಂದ ಎಬ್ಬಿಸಿ ಅಮೆರಿಗೊನ ಅಂಗೈಯಲ್ಲಿಟ್ಟು ಮುಷ್ಟಿ ಮಡಿಸಿದಳು, ಮಕ್ಕಳಿಗೆ ಬೆಲ್ಲ ಕೊಟ್ಟಂತೆ.

ಕಾಲ್ಚೆಸಾನ ಎಂದರೆ ಈಗ ಬೇಸಿಗೆಯಲ್ಲಿ ಸಮುದ್ರಸ್ನಾನಕ್ಕೆ ಬರುವವರ ಊರು. ಒಂದು ಕಾಲಕ್ಕೆ ಹಾಗಿರಲಿಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಅಮೃತಶಿಲೆಯ ಬೆಟ್ಟ, ನಡುವೆ ಸಾಲಾಗಿ ಎರಕದ ಮನೆಗಳು. ಬೆಳಗಾದರೆ ಬ್ರೆಡ್ಡಿನ ವಾಸನೆಗಿಂತ ಮೊದಲು ಬಿಸಿ ಮೇಣದ ವಾಸನೆ ಬೀದಿಗೆ ಬರುತ್ತಿತ್ತು. ಎಲ್ಲ ಕುಲುಮೆಗಳೂ ಒಟ್ಟಿಗೆ ಉರಿದ ದಿನ ಕೋಳಿಗಳು ಮಧ್ಯಾಹ್ನ ಇನ್ನೊಂದು ಸಲ ಕೂಗುತ್ತಿದ್ದವು. ದಡದ ಮೀನು ಅರೆಬೆಂದೇ ಬಲೆಗೆ ಬೀಳುತ್ತಿತ್ತು, ಹೆಂಡತಿಯರಿಗೆ ಅರ್ಧ ಕೆಲಸ ಉಳಿಯುತ್ತಿತ್ತು. ನಮ್ಮೂರಿನವರು ಇಲ್ಲದೆ ಹೋಗಿದ್ದರೆ ಯುರೋಪಿನ ಅರ್ಧಕ್ಕರ್ಧ ಸೇನಾಪತಿಗಳು ಕುದುರೆಯಿಲ್ಲದೆ ಕಾಲುನಡಿಗೆಯಲ್ಲೇ ಚರಿತ್ರೆ ಸೇರಬೇಕಾಗುತ್ತಿತ್ತು. ಯುದ್ಧ ಮುಗಿದು ನಲವತ್ತು ವರ್ಷವಾದ ಈ ಕಥೆಯ ಹೊತ್ತಿಗೆ ಕುಲುಮೆಗಳು ಒಂದೊಂದಾಗಿ ಆರಿ, ಉಳಿದದ್ದು ಗ್ವಾಲ್ತಿಯೆರೊನದೊಂದೇ. ಆದರೆ ಆ ಒಂದರ ಹೊಗೆಗೇ ಬಿಷಪ್ಪನ ಬಿಳಿ ಕುದುರೆ ಕಪ್ಪಾಗಿ, ಬಿಷಪ್ ತನ್ನ ಕುದುರೆ ಕಳುವಾಗಿದೆ ಎಂದು ಪೊಲೀಸರಿಗೆ ದೂರು ಕೊಟ್ಟಿದ್ದ.

ಅಮೆರಿಗೊ ಹುಡುಗನಾಗಿದ್ದಾಗಿನಿಂದ ಅಲ್ಲಿ ಮೇಣ ತಿದ್ದುವವನು. ಶಿಲ್ಪಿ ಜೇಡಿಮಣ್ಣಿನಲ್ಲಿ ಮಾಡಿಕೊಟ್ಟದ್ದಕ್ಕೆ ಅಚ್ಚು ತೆಗೆದು, ಅಚ್ಚಿನೊಳಗೆ ಮೇಣ ಸವರಿ ಬಿಡಿಸಿದರೆ ಟೊಳ್ಳು ಮೇಣದ ಆಕೃತಿ ಬರುತ್ತದೆ. ಅದರ ಬೆಸುಗೆಯ ಗೆರೆ ಒರೆಸಿ, ಗುಳ್ಳೆ ಮುಚ್ಚಿ, ಶಿಲ್ಪಿಯ ಕೈ ಎಲ್ಲಿ ನಿಂತಿತ್ತೋ ಅಲ್ಲಿಗೆ ತಂದು ನಿಲ್ಲಿಸುವುದು ಅವನ ಕೆಲಸ. ಆಮೇಲೆ ಅದಕ್ಕೆ ಮಣ್ಣಿನ ದಪ್ಪ ಕವಚ ಮೆತ್ತಿ ಸುಟ್ಟರೆ ಮೇಣ ಕರಗಿ ಹರಿದುಹೋಗಿ, ಅದು ಬಿಟ್ಟ ಜಾಗಕ್ಕೆ ಕಂಚು ಬರುತ್ತದೆ. ಮೇಣ ಹೇಗಿತ್ತೋ ಕಂಚು ಹಾಗೆ. ಮೇಣ ತಿದ್ದುವವನ ಉಗುರಿನ ಗೀರು ಕೂಡ ಸಾವಿರ ವರ್ಷ ಬಾಳುತ್ತದೆ.

ಶಿಲ್ಪಿಯ ಕೈ ನಿಂತಲ್ಲಿ ನಿಲ್ಲಬೇಕು, ಸರಿ. ಅಮೆರಿಗೊನ ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಇಲ್ಲಿಂದ ಯಾವ ದಿಕ್ಕಿಗೆ ರೈಲು ಹತ್ತಿದರೂ ನೋಡಬಹುದು: ಕುದುರೆ ಮೇಲಿನ ಸೇನಾಪತಿ, ಕೈಯೆತ್ತಿ ಹರಸುವ ಸಂತ, ಗಡ್ಡ ಬಿಟ್ಟ ಕವಿ, ಸಾಗರದಾಚೆಯ ಯಾವುದೋ ದೇಶದ ವಿಮೋಚಕ, ಎಲ್ಲರಿಗೂ ಒಂದೇ ಮೂಗು. ನಡುವೆ ಸಣ್ಣ ದಿಬ್ಬ, ತುದಿ ಕೂದಲೆಳೆಯಷ್ಟು ಎಡಕ್ಕೆ ಓರೆ. ಬ್ಯಾಂಕೊಂದರ ಮುಂದಿನ ಸಿಂಹಕ್ಕೂ ಅದೇ ಮೂಗು ಬಂದು, ಅದು ಸಾಲ ವಸೂಲಿಗೆ ಹೊರಟ ಗುಮಾಸ್ತನಂತೆ ಕಾಣುತ್ತಿತ್ತು. ಶಿಲ್ಪಿಗಳಿಗೆ ಗೊತ್ತಾಗುವ ಹೊತ್ತಿಗೆ ಕಂಚು ತಣಿದಿರುತ್ತಿತ್ತು. ಗೊತ್ತಾದವರೂ, ಈಗ ಮುಖಕ್ಕೆ ಜೀವ ಬಂತು ಎಂದು ಒಳಗೊಳಗೇ ಖುಷಿಪಟ್ಟು ತಮ್ಮದೇ ಕೈಚಳಕ ಎಂದುಕೊಳ್ಳುತ್ತಿದ್ದರು.

ಆ ಮೂಗು ಯಾರದ್ದು ಎಂದು ಊರಲ್ಲಿ ಯಾರೂ ಕೇಳುತ್ತಿರಲಿಲ್ಲ. ಅದು ಅಮೆರಿಗೊನ ಮುಖದ ಮೇಲೇ ಇತ್ತು, ದಿಬ್ಬ, ಓರೆ ಎಲ್ಲ ಸಮೇತ. ಕಾಫಿ ಅಂಗಡಿಯಲ್ಲಿ ಕೆಣಕಿದರೆ ಅವನು ಎದೆಯುಬ್ಬಿಸಿ, "ಒಳ್ಳೆ ಮಾಲು ಒಂದೇ ಮುಖದ ಮೇಲೆ ಪೋಲಾಗಬಾರದು ಕಣ್ರಯ್ಯ" ಎನ್ನುತ್ತಿದ್ದ.

ಫೋಸ್ಕಾಳ ಮೇಣಕ್ಕೆ ಬಂದಾಗ ಮಾತ್ರ ಅವನ ಕೈ ಸುಮ್ಮನಿರದೆ ಹೋದದ್ದಕ್ಕೆ ಬೇರೆ ಕಾರಣವಿತ್ತು.

ಯುದ್ಧದ ಕೊನೆಯ ಚಳಿಗಾಲದಲ್ಲಿ ಕಾಲ್ಚೆಸಾನದಲ್ಲಿ ಹಿಡಿ ಹಿಟ್ಟಿರಲಿಲ್ಲ. ಸಮುದ್ರವಿತ್ತು. ಹೆಂಗಸರು ಸಮುದ್ರದ ನೀರನ್ನು ಕೊಪ್ಪರಿಗೆಯಲ್ಲಿ ಕುದಿಸಿ ಉಪ್ಪು ಮಾಡಿ, ಬೆನ್ನಿಗೆ ಹೊತ್ತು, ಹಿಮದ ಬೆಟ್ಟ ದಾಟಿ ಆಚೆ ಬಯಲಿನ ಹಳ್ಳಿಗಳಿಗೆ ನಡೆದು, ಉಪ್ಪು ಕೊಟ್ಟು ಹಿಟ್ಟು ತರುತ್ತಿದ್ದರು. ಗಂಡಸರ ತಲೆ ಬೀದಿಯಲ್ಲಿ ಕಂಡರೆ ಸಾಕು, ಜರ್ಮನ್ನರು ಹಿಡಿದು ಲಾರಿಗೆ ತುಂಬುತ್ತಿದ್ದರು. ಆ ಹೆಂಗಸರ ನೆನಪಿಗೆ ಚೌಕದಲ್ಲಿ ಒಂದು ಕಂಚಿನ ವಿಗ್ರಹ ನಿಲ್ಲಿಸಬೇಕೆಂದು ಊರು ತೀರ್ಮಾನಿಸಿತ್ತು. ಫೋಸ್ಕಾಳನ್ನೇ ಆರಿಸಿದ್ದಕ್ಕೆ ಕಾರಣ, ಅವಳು ಬೆಟ್ಟದ ಆಚೆಯವಳು. ಅವಳ ತಾಯಿ ಹಿಟ್ಟು ಅಳೆದು ಕೊಡುತ್ತಿದ್ದಾಗ ಎಂಟು ವರ್ಷದ ಫೋಸ್ಕಾ ಬಾಗಿಲ ಸಂದಿಯಿಂದ ಈ ಹೆಂಗಸರನ್ನು ಕಂಡಿದ್ದಳು.

"ಮುಖ ಇರ್ಲಿಲ್ಲ ಅವರಿಗೆ," ಎಂದು ಅವಳು ಮೊದಲ ದಿನವೇ ಹೇಳಿದ್ದಳು. "ಹಿಮದಿಂದ ಬರೋರು. ಬಟ್ಟೆ ಸುತ್ತಿಕೊಂಡು, ಹುಬ್ಬಿನ ಮೇಲೆಲ್ಲ ಹಿಮ. ಬಂದ್ರು, ಹೋದ್ರು. ನಾನು ಕಂಡಿದ್ದಿಷ್ಟೆ."

ಊರಿನ ಹೆಂಗಸರು ಮೇಣ ನೋಡಲು ಬಂದವರು ಇದನ್ನೊಪ್ಪಲಿಲ್ಲ. ಅವರ ಮುಂದಾಳು ಗ್ವಾಲ್ತಿಯೆರೊನ ಅಕ್ಕ ಅರ್ಜೆನೆ. ಎಪ್ಪತ್ತರ ಹತ್ತಿರದ ಮುದುಕಿ, ತಾನೇ ಉಪ್ಪು ಹೊತ್ತವಳು, ನಾಲಿಗೆಯಲ್ಲೂ ಅದರ ಚುರುಕು ಉಳಿಸಿಕೊಂಡವಳು. ಅವಳು ಬೈದರೆ ಹಾಲು ಒಡೆಯುತ್ತದೆಂದು ಹಾಲಿನವನು ಅವಳ ಬೀದಿಯನ್ನೇ ಬಿಟ್ಟಿದ್ದ.

"ಯಾರಮ್ಮ ಇವಳು?" ಎಂದು ಅವಳು ಮೇಣದ ಸುತ್ತ ಒಂದು ಸುತ್ತು ಬಂದಳು. "ಹೊಟ್ಟೆಗೆ ಹಿಟ್ಟಿಲ್ದೆ ಬೆಟ್ಟ ಹತ್ತಿದ್ದಕ್ಕೆ ನಮ್ಮ ಮುಖಾನೂ ಕಿತ್ಕೊಂಡ್ರಾ? ಮಂಗ ತಿಂದು ಬಿಟ್ಟ ಹಣ್ಣಿನ ಥರ ಇದಾಳೆ."

"ಯಾರ ಮುಖ ಇಡ್ಲಿ? ನಿಮ್ಮದು ಇಟ್ರೆ ಪಕ್ಕದವ್ರು ಸುಮ್ನಿರ್ತಾರಾ?" ಎಂದಳು ಫೋಸ್ಕಾ.

"ನಂದು ಇಡು. ಉಳಿದೋರೆಲ್ಲ ಸತ್ರು."

ಅದು ಸೋಮವಾರ. ಮಧ್ಯಾಹ್ನ ಎಲ್ಲರೂ ಕುಲುಮೆಯ ಪಕ್ಕದ ಉದ್ದ ಹಲಗೆಗೆ ಊಟಕ್ಕೆ ಕೂತರು. ಆ ಮನೆಯ ಪದ್ಧತಿಯಂತೆ ಹಿಂದಿನ ದಿನವೇ ಬಿಳಿ ಹುರುಳಿಯನ್ನು ಹೊಟ್ಟೆ ದಪ್ಪದ ಗಾಜಿನ ಬುದ್ದಲಿಗೆ ಹಾಕಿ, ಎಣ್ಣೆ, ಸೇಜ್ ಎಂಬ ಸುವಾಸನೆಯ ಎಲೆ ಬೆರೆಸಿ, ಅಚ್ಚು ಸುಡುವ ಗೂಡಿನ ಬೂದಿಯಲ್ಲಿ ಹೂತಿಟ್ಟಿದ್ದರು. ಸೇನಾಪತಿ ಬೇಯುವ ಬೆಂಕಿಯಲ್ಲಿ ಬೆಂದ ಆ ಹುರುಳಿಯ ರುಚಿಗೆ ರೋಮಿನಿಂದ ಮಂತ್ರಿಗಳು ನೆಪ ಹೂಡಿಕೊಂಡು ಬರುತ್ತಿದ್ದ ಕಾಲವಿತ್ತು.

ಫೋಸ್ಕಾ ಬ್ರೆಡ್ಡಿಗೆ ಹುರುಳಿ ಹಚ್ಚುತ್ತ, "ನಿನ್ನೆ ಸುತ್ತಮುತ್ತಲ ಊರು ನೋಡ್ಕೊಂಡು ಬಂದೆ," ಎಂದಳು. "ಎಲ್ಲಿ ಹೋದ್ರೂ ನೀವೇ ಸಿಗ್ತೀರಿ, ಅಮೆರಿಗೊ. ಒಂದು ಕಡೆ ಕತ್ತಿ ಹಿಡ್ಕೊಂಡು, ಒಂದು ಕಡೆ ಶಿಲುಬೆ ಹಿಡ್ಕೊಂಡು."

"ಸೈಂಟ್ ಕ್ಯಾಥರೀನ್ ನೋಡಿದ್ರಾ?" ಗ್ವಾಲ್ತಿಯೆರೊ ಮೇಜು ಗುದ್ದಿ ನಕ್ಕ. "ಆಯಮ್ಮನಿಗೂ ಬಿಟ್ಟಿಲ್ಲ ಇವ್ನು. ಮೀಸೆ ಒಂದು ಇಟ್ಟಿದ್ರೆ ಜನ ಇವನಿಗೇ ಮೇಣದಬತ್ತಿ ಹಚ್ತಿದ್ರು. ಇಂಥ ಜಂಬದ ಮನುಷ್ಯ ಭೂಮಿ ಮೇಲಿಲ್ಲ."

"ಈಗ ಉಪ್ಪಿನೋಳಿಗೂ ತನ್ನ ಮೂಗೇ ಮೆತ್ತೋಕೆ ನೋಡ್ತಾನಂತೆ," ಎಂದಳು ಅರ್ಜೆನೆ. "ನಾಚಿಕೆ ಆಗಲ್ವೇನೋ? ಯಾರು ನಡೆದಿದ್ದು, ಯಾರ ಮೂಗು?"

ಅಮೆರಿಗೊ ಇಂಥ ಮಾತುಗಳನ್ನು ಹಾರವೆಂದು ಕೊರಳಿಗೆ ಹಾಕಿಕೊಳ್ಳುವವನು. ಅವತ್ತು ಅವನ ಕೈಯಲ್ಲಿದ್ದ ಬ್ರೆಡ್ಡು ತಟ್ಟೆಗೆ ಬಿತ್ತು.

"ನಂದಲ್ಲ," ಎಂದ. "ಅದು ದೆರ್ನಾಳ ಮೂಗು."

ನಗು ಒಮ್ಮೆಲೇ ನಿಂತಿತು. ದೆರ್ನಾ ಅವನ ಅಕ್ಕ. ತಾಯಿ ತೀರಿದ ಮೇಲೆ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಸಾಕಿದವಳು. ಆ ಚಳಿಗಾಲ ಉಪ್ಪು ಹೊತ್ತು ಹೋಗಿ ಹೋಗಿ ಬಂದವಳು ಜನವರಿಯಲ್ಲಿ ಹೋದವಳು ಮರಳಿ ಬರಲಿಲ್ಲ. ಮನೆ ಫಿರಂಗಿಗೆ ಸಿಕ್ಕಿ ಸುಟ್ಟಿತು, ಅದರೊಳಗೆ ಅವಳ ಒಂದೇ ಒಂದು ಫೋಟೋ ಇತ್ತು. ನಲವತ್ತು ವರ್ಷದಲ್ಲಿ ಅಮೆರಿಗೊ ಆ ಹೆಸರನ್ನು ನಾಲ್ಕು ಜನರೆದುರು ಎತ್ತಿದ್ದು ಅದೇ ಮೊದಲು.

ಅರ್ಜೆನೆ ಏನೋ ಹೇಳಲು ಬಾಯಿ ತೆರೆದವಳು ಹುರುಳಿ ಬಡಿಸಿದಳು.

ಊಟವಾದ ಮೇಲೆ ಫೋಸ್ಕಾ ಮೇಣದ ಎದುರು ಬಹಳ ಹೊತ್ತು ಕೈಕಟ್ಟಿ ನಿಂತಿದ್ದಳು. ಆಮೇಲೆ ಅಮೆರಿಗೊನನ್ನು ಕರೆದಳು.

"ನಾನು ಊರಿಗೆ ಹೋಗಿ ಗುರುವಾರ ಬೆಳಿಗ್ಗೆ ಬರ್ತೀನಿ. ಬಂದ ಕೂಡ್ಲೇ ಮಣ್ಣು ಮೆತ್ತೋದು. ಅಲ್ಲೀವರೆಗೆ ಇವಳು ನಿಮ್ಮ ಕೈಲಿರ್ತಾಳೆ."

"ಗುಳ್ಳೆ ಮುಚ್ತೀನಿ ಅಮ್ಮಾವ್ರೆ, ಅಷ್ಟೆ. ಆಣೆ."

"ಆಣೆ ಬೇಡ. ನಾನು ಕಂಡಿದ್ದನ್ನ ಮಾಡಿದೀನಿ, ಕಾಣದ್ದನ್ನ ಬಿಟ್ಟಿದೀನಿ. ನೀವು ಮುಖ ಕಂಡಿದ್ರೆ ಮುಖ ಮಾಡಿ. ಮೂಗು ಒಂದೇ ಅಲ್ಲ. ಪೂರ್ತಿ."

ಅಂದು ಸಂಜೆ ಕಾಫಿ ಅಂಗಡಿಯಲ್ಲಿ ಅಮೆರಿಗೊ ಕುರ್ಚಿಯ ಮೇಲೆ ಹತ್ತಿ ನಿಂತಷ್ಟು ಎತ್ತರ ಮಾತಾಡಿದ. ಗುರುವಾರ ಬನ್ನಿ, ಎಂದ. ಅಕ್ಕನನ್ನು ಬದುಕಿದ್ದಾಗ ನೋಡಿದವರು ಬನ್ನಿ, ನೋಡದವರೂ ಬನ್ನಿ. ಮೇಣ ಬಾಯಿಬಿಟ್ಟು ನಿಮ್ಮ ಹೆಸರು ಹಿಡಿದು ಕರೆಯದಿದ್ದರೆ ಈ ಕೈ ಕುಲುಮೆಗೆ ಇಡುತ್ತೇನೆ. ಮಾತು ಬೆಟ್ಟ ಹತ್ತಿ ಕಲ್ಲುಗಣಿಯವರೆಗೂ ಹೋಯಿತು. ಮನೆಗೆ ನಡೆಯುವಾಗ ಮಾತ್ರ ಅವನು ಗುರುವಾರಕ್ಕೆ ಎಷ್ಟು ದಿನವೆಂದು ಬೆರಳು ಮಡಿಸಿ ಎಣಿಸಿದ. ಕದ್ದು ಕದ್ದು ಕೊಟ್ಟದ್ದನ್ನು ಈಗ ಎಲ್ಲರೆದುರು ಕೊಡಬಹುದು. ಊರು ಇರುವವರೆಗೆ ಅವಳು ಚೌಕದಲ್ಲಿ ಇರುತ್ತಾಳೆ. ಇದೊಂದು ಸಲ ತಪ್ಪಿದರೆ ಇನ್ನೊಂದು ಸಲ ಇಲ್ಲ.

ಮಂಗಳವಾರ ಬೆಳಿಗ್ಗೆ ಅವನು ದೀಪದ ಮೇಲೆ ಕಬ್ಬಿಣದ ಸಣ್ಣ ಕರಣೆ ಕಾಸಿ ಕೆಲಸಕ್ಕೆ ನಿಂತ. ಮೂಗು, ಕೇಳಬೇಕೆ, ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಬಂದು ಕೂತಿತು, ತನ್ನ ಮನೆಗೆ ತಾನು ಬಂದಂತೆ. ಆಮೇಲೆ ಬಾಯಿಗೆ ಕೈಯಿಟ್ಟ. ತುಟಿ ಎರಡೂ ಮುಗಿಯುವ ಹೊತ್ತಿಗೆ ಎಲ್ಲೋ ಕಂಡ ಬಾಯಿ ಎನಿಸಿತು. ದೂರ ನಿಂತು ನೋಡಿದರೆ ಬಂದರಿನ ಚೌಕದ ಸೇನಾಪತಿಯದು. ಕೆರೆದು ತೆಗೆದ. ಕಣ್ಣು ಮಾಡಿದ, ಅವು ಹಿಂದಿನ ವರ್ಷ ಎರಕ ಹೊಯ್ದ ಕವಿಯ ಕಣ್ಣು, ಪದ್ಯ ಸಿಗದೆ ಆಕಾಶ ನೋಡುವಂಥವು. ಅವನ್ನೂ ಕೆರೆದ. ಕೆನ್ನೆ ಇಟ್ಟರೆ ಬಿಷಪ್ಪನ ಕೆನ್ನೆ, ಗದ್ದ ಇಟ್ಟರೆ ಯಾವಳೋ ದೇವತೆಯ ಗದ್ದ. ಅವನ ಕೈ ಹಾದುಹೋದ ಮುಖಗಳೆಲ್ಲ ಸಂತೆಗೆ ಬಂದಂತೆ ಒಂದರ ಮೇಲೊಂದು ನುಗ್ಗಿ ಬಂದವು. ಬರಬೇಕಾದವಳು ಮಾತ್ರ ಬರಲಿಲ್ಲ. ಸಂಜೆಗೆ ಕಾಲ ಬುಡದಲ್ಲಿ ಕೆರೆದ ಮೇಣದ ಸಿಪ್ಪೆ ಪಾದ ಮುಚ್ಚುವಷ್ಟಿತ್ತು. ಇಳಿಜಾರಿನ ಮೇಲೆ ಒಂಟಿ ಮೂಗು.

ಬುಧವಾರ ಬೆಳಿಗ್ಗೆ ಅರ್ಜೆನೆ ಹುರುಳಿಯ ಬುದ್ದಲಿ ಹೂಳಲು ಬಂದಳು. ಅವನನ್ನು ನೋಡಿದಳು, ಮೇಣವನ್ನು ನೋಡಿದಳು, ಅಲ್ಲಿದ್ದ ಡಬ್ಬವೊಂದನ್ನು ಕವುಚಿ ಅದರ ಮೇಲೆ ಕೂತಳು.

"ಮೂಗು ತೆಗಿ ಅದನ್ನ," ಎಂದಳು.

"ಅದೊಂದೇ ಸರಿ ಬಂದಿರೋದು, ಅರ್ಜೆನಕ್ಕ."

"ಅದು ಅವಳ್ದಲ್ಲ ಕಣೋ."

"ಏನಂದೆ?"

"ದೆರ್ನಾಳ ಮೂಗು ಗಿಡ್ಡ. ನಿಮ್ಮಮ್ಮನ ಕಡೇದು. ಇದು ನಿಮ್ಮಪ್ಪಂದು, ನಿಂದು."

"ನಲವತ್ತು ವರ್ಷ ಸುಮ್ನಿದ್ಯಲ್ಲ ನೀನು!"

"ನಲವತ್ತು ವರ್ಷ ನೀನೇ ನಂದು ನಂದು ಅಂತ ಬೊಗಳಿಕೊಂಡು ತಿರುಗ್ತಿದ್ದೆ. ಹೌದು ಅಂದುಕೊಂಡೆ. ಅವಳ್ದು ಅಂದಿದ್ದು ಮೊನ್ನೆ ತಾನೆ?"

ಅಮೆರಿಗೊನಿಗೆ ಸಿಟ್ಟು ಬಂತು. ಮುದುಕಿಗೆ ಅರಳುಮರಳು ಎಂದುಕೊಂಡ. ಎಂದುಕೊಳ್ಳುತ್ತಲೇ, ಯಾಕೋ, ಮೇಣ ಹತ್ತಿದ ಹೆಬ್ಬೆರಳನ್ನು ಎತ್ತಿ ತನ್ನ ಮೂಗಿನ ಮೇಲಿಟ್ಟು ಮೇಲಿನಿಂದ ಕೆಳಗೆ ಎಳೆದ. ದಿಬ್ಬ ಹತ್ತಿ, ಇಳಿದು, ತುದಿಯಲ್ಲಿ ಎಡಕ್ಕೆ. ಸಂತರ ಮೇಲೆ, ಸಿಂಹದ ಮೇಲೆ ಓಡಾಡಿದ ದಾರಿ. ಹೆಬ್ಬೆರಳಿಗೆ ಎಲ್ಲೂ ಅನುಮಾನ ಬರಲಿಲ್ಲ. ದಿನಾ ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ಕಂಡದ್ದನ್ನೇ ಅವನು ಅಕ್ಕನೆಂದು ಲೋಕದ ತುಂಬ ಹಂಚಿಬಿಟ್ಟಿದ್ದ.

ಅವನು ಕರಣೆ ಕಾಸಿ ಮೂಗನ್ನು ತೆಗೆದ. ಒಂದೇ ಎಳೆತಕ್ಕೆ ಬಂತು.

"ಹಾಗಾದ್ರೆ ನೀನೇ ಹೇಳು," ಎಂದ. ದನಿ ಅವನದೇ ಎಂದು ನಂಬಲಾಗದಷ್ಟು ಸಣ್ಣಗಿತ್ತು. "ಬಾಯಿ ಹೇಗಿತ್ತು ಹೇಳು. ಕಣ್ಣು ಹೇಳು. ನೀನು ಜೊತೇಲಿ ನಡೆದೋಳು."

"ಜೊತೇಲೆಲ್ಲಿ ನಡೆದೆ? ಹಿಂದೆ ನಡೆದೆ. ಹಿಮದಲ್ಲಿ ಕೈಕೈ ಹಿಡ್ಕೊಂಡು ಮದುವೆ ದಿಬ್ಬಣದ ಥರ ಹೋಗೋಕಾಗುತ್ತಾ? ಮುಂದಿನೋಳು ತುಳಿದ ಗುಳೀಲಿ ಹಿಂದಿನೋಳು ಕಾಲಿಡಬೇಕು. ತಲೆ ಎತ್ತಿದ್ರೆ ಅವಳ ಬೆನ್ನು, ತಗ್ಗಿಸಿದ್ರೆ ಅವಳ ಹೆಜ್ಜೆ. ರಾತ್ರಿ ಯಾರದೋ ಕೊಟ್ಟಿಗೇಲಿ ಬಿದ್ಕೊಂಡ್ರೆ ಕತ್ತಲೆ." ಅವಳು ಬುದ್ದಲಿಯ ಬಾಯಿಗೆ ಬಟ್ಟೆ ತುರುಕಿದಳು. "ಕೊನೇ ಸಲ ನಂಗೆ ಜ್ವರ. ಅವಳ ಹಿಂದೆ ಯಾರೂ ಹೋಗ್ಲಿಲ್ಲ."

ಏಳುವಾಗ ಮೇಣದ ಬೆನ್ನ ಕಡೆ ಅವಳ ಕಣ್ಣು ಬಿತ್ತು. ಫೋಸ್ಕಾ ಹಿಂಭಾಗವನ್ನು ಹೆಚ್ಚು ಮಾಡಿರಲಿಲ್ಲ. ಬಂದವರನ್ನು ಅವಳು ಎದುರಿನಿಂದ ಕಂಡವಳು. ತಲೆವಸ್ತ್ರ ಗದ್ದದ ಕೆಳಗೆ ಗಂಟು ಹಾಕಿಸಿಕೊಂಡು, ಹಿಂದೆ ನುಣ್ಣಗೆ ಇಳಿದು ಮೂಟೆಯೊಳಗೆ ಸೇರಿಹೋಗಿತ್ತು.

"ಇದು ಬೆಟ್ಟದಾಚೆ ಅವರ ಕಡೆ ಕಟ್ಟೋ ರೀತಿ," ಎಂದಳು ಅರ್ಜೆನೆ. "ಗದ್ದದ ಕೆಳಗೆ ಗಂಟು ಹಾಕೋದು ದನ ಕಾಯೋರು. ಮೂಟೆ ಹೊತ್ತೋಳು ಹಾಗೆ ಕಟ್ಟಿದ್ರೆ ಮುಖ ಬೆವರಿ ಹಿಮಗಟ್ಟುತ್ತೆ. ನಾವು ಹಿಂದೆ ಕಟ್ತಿದ್ವಿ, ಜಡೆ ಕೆಳಗೆ. ಇಲ್ಲಿ." ಎಂದು ತನ್ನ ಮುದಿ ಕತ್ತನ್ನು ಬಗ್ಗಿಸಿ, ಎರಡು ಬೆರಳಿಟ್ಟು ತೋರಿಸಿದಳು.

ಅವಳು ಹೋದ ಮೇಲೆ ಅಮೆರಿಗೊ ಮೇಣದ ಕತ್ತಿನ ಹಿಂದೆ ಆ ಎರಡು ಬೆರಳು ಬರುವ ಜಾಗವನ್ನೇ ನೋಡುತ್ತ ನಿಂತ.

ಎರಕದ ಮನೆಯ ನಡುವೆ ಒಂದು ಗುಂಡಿಯಿದೆ. ಸುಟ್ಟ ಅಚ್ಚನ್ನು ಅದರಲ್ಲಿ ಇಳಿಸಿ, ಕತ್ತಿನವರೆಗೆ ಮಣ್ಣು ತುಂಬಿ ಮೆಟ್ಟಿ, ಮೇಲಿನಿಂದ ಕಂಚು ಹೊಯ್ಯುತ್ತಾರೆ. ಯುದ್ಧದ ಆ ಚಳಿಗಾಲ ಎರಕವಿರಲಿಲ್ಲ. ಗುಂಡಿಯ ಮೇಲೆ ಹಲಗೆ ಹಾಸಿ, ಕೆಳಗೆ ಇಪ್ಪತ್ತು ವರ್ಷದ ಅಮೆರಿಗೊನನ್ನು ಬಚ್ಚಿಟ್ಟಿದ್ದರು. ದೆರ್ನಾ ದಿನಕ್ಕೊಮ್ಮೆ ಬಂದು ಗುಂಡಿಯ ಅಂಚಿನಲ್ಲಿ ಕೂರುತ್ತಿದ್ದಳು, ಮುಖ ಬೀದಿಯ ಕಡೆಗೆ, ಬೆನ್ನು ಅವನ ಕಡೆಗೆ. ದಣಿದು ಕೂತ ಹೆಂಗಸಿನ ಹಾಗೆ ತಿರುಗದೆ, ತುಟಿಯಲುಗದೆ ಮಾತಾಡುತ್ತಿದ್ದಳು. ಕೊನೆಯ ದಿನ ಮೂಟೆ ಹೊತ್ತೇ ಬಂದಿದ್ದಳು.

"ಕೆಮ್ಮು ಬಂದ್ರೆ ನುಂಗು. ಭಾನುವಾರದ ಹೊತ್ತಿಗೆ ರೊಟ್ಟಿ ತಿನ್ಬಹುದು."

"ಅಕ್ಕಾ, ಒಂದ್ಸಲ ತಿರುಗೇ."

"ತಿರುಗಿದ್ರೆ ಬೀದೀಲಿರೋನಿಗೆ ಗೊತ್ತಾಗುತ್ತೋ ಪೆದ್ದ."

ಹಲಗೆಯ ಸಂದಿಯಿಂದ ಅವನಿಗೆ ಕಂಡದ್ದು ಒಂದು ಅಂಗೈಯಷ್ಟು. ಜಡೆಯ ಬುಡ, ಅದರ ಕೆಳಗೆ ಗಂಟು. ಗಂಟಿನ ಕಿವಿಗಳಲ್ಲಿ ಒಂದು ಉದ್ದ, ಒಂದು ಗಿಡ್ಡ. ತಪ್ಪಿಸಿಕೊಂಡ ಒಂದೆಳೆ ಕೂದಲು ಉಪ್ಪಿನ ಹಬೆಗೆ ಸುರುಳಿಯಾ­ಗಿತ್ತು. ಕತ್ತಿನ ಎರಡು ನರಗಳ ನಡುವೆ ಬಟ್ಟಲಿನಂಥ ಕುಳಿ. ಮೂಟೆಯ ಪಟ್ಟಿ ಎಳೆದು ಎಡಭುಜ ತಗ್ಗಿತ್ತು. ಆ ಕುಳಿ ಅವನಿಗೆ ಗೊತ್ತಿತ್ತು. ನಡೆಯಲು ಬರುವ ಮೊದಲು ಅವಳ ಬೆನ್ನ ಮೇಲೆ ಊರೆಲ್ಲ ತಿರುಗುವಾಗ ಅವನು ನಿದ್ದೆ ಹೋಗುತ್ತಿದ್ದದ್ದು ಅದರೊಳಗೆ ಮುಖವಿಟ್ಟು.

ಅವನು ಮೇಣದ ಹಿಂದಕ್ಕೆ ಡಬ್ಬ ಎಳೆದುಕೊಂಡು ಹತ್ತಿ ನಿಂತ. ಅವತ್ತು ಅವನ ಕೈಗೆ ಬೇರೆ ಯಾರ ಕತ್ತೂ ಅಡ್ಡ ಬರಲಿಲ್ಲ. ಸಂತರ ಕತ್ತನ್ನು ಯಾರು ನೋಡುತ್ತಾರೆ? ಅವನು ನೋಡಿರಲಿಲ್ಲ. ಕರಣೆ ತಣಿಯುತ್ತಿತ್ತು, ಕಾಸುತ್ತಿದ್ದ, ಮತ್ತೆ ತಣಿಯುತ್ತಿತ್ತು. ಗ್ವಾಲ್ತಿಯೆರೊ ಊಟಕ್ಕೆ ಕರೆದ, ಕೇಳಿಸಲಿಲ್ಲ. ಜೀವಮಾನದಲ್ಲಿ ಅಮೆರಿಗೊ ಒಂದು ಇಡೀ ದಿನ ಬಾಯಿ ಮುಚ್ಚಿಕೊಂಡಿದ್ದು ಅದೊಂದೇ. ಅದರ ಕೌತುಕಕ್ಕೆ ಚರ್ಚಿನ ಗಂಟೆ ಎರಡು ಸಲ ಹೆಚ್ಚು ಹೊಡೆಯಿತೆಂದು ಹೇಳುವವರು ಈಗಲೂ ಇದ್ದಾರೆ.

ಗುರುವಾರ ಊರಿಗೆ ಊರೇ ಬಂತು. ಕಲ್ಲುಗಣಿಯವರು ರಜೆ ಹಾಕಿ ಬಂದರು. ಮುಂದೆ ನಿಂತವರು ನೋಡಿದರು. ಹಿಂದಿನವರು "ಹೇಗಿದೆ, ಹೇಗಿದೆ" ಎಂದರು. ವಸ್ತ್ರದ ಕೆಳಗೆ ಸವೆದ ಇಳಿಜಾರು, ಫೋಸ್ಕಾ ಬಿಟ್ಟುಹೋದಂತೆಯೇ. ಗದ್ದದ ಕೆಳಗಿನ ಗಂಟು ಮಾತ್ರ ಇರಲಿಲ್ಲ.

"ಇದೇನೋ ಅಮೆರಿಗೊ? ಬೇಡ ಅಂದಾಗ ಎಲ್ರಿಗೂ ಮೂಗಿಟ್ಟೆ, ಇಡಪ್ಪಾ ಅಂದ್ರೆ ಕೈ ಎತ್ತಿದ್ಯಾ?"

"ಹೆಸರು ಹಿಡಿದು ಕರೀತಾಳೆ ಅಂದಿದ್ದೆ. ಬಾಯೇ ಇಲ್ವಲ್ಲೋ!"

"ಕುಲುಮೆ ಹಚ್ರಪ್ಪಾ, ಇವನ ಕೈ ಇಡಬೇಕು."

ಫೋಸ್ಕಾ ಮುಖದ ಮುಂದೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಗದ್ದದ ಕೆಳಗೆ ಗಂಟು ಕಾಣದೆ, ಅದೆಲ್ಲಿ ಹೋಯಿತೆಂದು ಹುಡುಕುತ್ತ ಹಿಂದಕ್ಕೆ ಹೋದಳು. ಹೋದವಳು ಈಚೆಗೆ ಬರಲೇ ಇಲ್ಲ. ಜನ ಒಬ್ಬೊಬ್ಬರಾಗಿ ಕೆಲಸಕ್ಕೆ ಹೊರಟರು, ಗೇಲಿ ಬೀದಿಯ ತಿರುವಿನವರೆಗೆ ಕೇಳಿಸುತ್ತಿತ್ತು. ಕೊನೆಗೆ ಮೇಣದ ಹಿಂದಿನಿಂದ ಅವಳ ದನಿ ಬಂತು.

"ಹೋಗುವಾಗ ನೋಡಿದ್ದೆ," ಎಂದಳು. "ಬಂದಿದ್ದಷ್ಟೇ ಅಲ್ಲ. ಅಮ್ಮ ಬಾಗಿಲು ಹಾಕೋ ಮುಂಚೆ, ಹಿಟ್ಟು ಹೊತ್ಕೊಂಡು ಹೋಗುವಾಗ. ಮರೆತೇ ಹೋಗಿತ್ತು." ಆಮೇಲೆ ಗ್ವಾಲ್ತಿಯೆರೊನನ್ನು ಕೂಗಿದಳು. "ಯಜಮಾನ್ರೆ, ಪೀಠಕ್ಕೆ ಹಾಕೋ ಬೋಲ್ಟು ಯಾವ ಕಡೆ ಬರುತ್ತೆ? ತಿರುಗಿಸಬೇಕು. ಇವಳು ಪುರಸಭೆ ನೋಡೋದಿಲ್ಲ. ಬೆಟ್ಟ ನೋಡ್ತಾಳೆ."

"ಚೌಕದ ಕಡೆ ಬೆನ್ನಾ? ಮೇಯರು ಹಾರ್ತಾನಮ್ಮ!"

"ಹಾರ್ಲಿ."

ಮೇಯರು ಹಾರಿದ್ದೂ ನಿಜ, ಉದ್ಘಾಟನೆಯ ದಿನ ಆ ಬೆನ್ನಿಗೇ ಮುಕ್ಕಾಲು ಗಂಟೆ ಭಾಷಣ ಮಾಡಿದ್ದೂ ನಿಜ. ಭಾಷಣ ಎಷ್ಟು ಉದ್ದವಿತ್ತೆಂದರೆ, ಅವಳು ಅಷ್ಟರಲ್ಲಿ ಬೆಟ್ಟ ದಾಟಿ ಹಿಟ್ಟು ತರಬಹುದಿತ್ತು ಎಂದು ಬ್ಯಾಂಡಿನವರು ಆಡಿಕೊಂಡರು. ಆದರೆ ಅದು ಬೇಸಿಗೆಯ ಮಾತು.

ಮಣ್ಣು ಮೆತ್ತಿ, ಗೂಡಿನಲ್ಲಿ ದಿನಗಟ್ಟಲೆ ಸುಟ್ಟು, ಮೇಣವೆಲ್ಲ ಹರಿದುಹೋದ ಮೇಲೆ ಅಚ್ಚನ್ನು ಗುಂಡಿಗೆ ಇಳಿಸಿದರು. ಮಣ್ಣು ಮೆಟ್ಟುವಾಗ ಅಮೆರಿಗೊ ಗುಂಡಿಗೆ ಇಳಿಯಲಿಲ್ಲ, ಅಂಚಿನಲ್ಲಿ ಕೂತ. ಎರಕದ ಬೆಳಿಗ್ಗೆ ಮನೆಮನೆಯಿಂದ ಹೆಂಗಸರು ಹಳೆಯ ಕುಟ್ಟಾಣಿ, ಬಾಗಿಲ ಚಿಲಕ, ಒಡೆದ ದೀಪದ ಕಂಬ ತಂದು ಮೂಸೆಗೆ ಹಾಕಿದರು. ಊರಿನ ವಿಗ್ರಹಕ್ಕೆ ಊರಿನ ಲೋಹ ಬೀಳದಿದ್ದರೆ ಕಂಚು ಮುನಿಸಿಕೊಳ್ಳುತ್ತದೆ. ಗ್ವಾಲ್ತಿಯೆರೊ ಹಸಿ ಪೈನ್ ಕೊಂಬೆಯಿಂದ ಕರಗಿದ ಕಂಚನ್ನು ಕಲಕಿದ. ಆ ಹೊತ್ತು ಯಾರೂ ಮಾತಾಡಬಾರದು. ಹೊಯ್ದರು. ಮಾಡು ಕಿತ್ತುಹೋಗುವಂಥ ಬೆಳಕು, ಕಡಲಲ್ಲಿದ್ದ ಮೀನುಗಾರರು ಎರಡು ಸೂರ್ಯ ನೋಡಿ ಶಿಲುಬೆ ಗುರುತು ಹಾಕಿಕೊಂಡರು. ಆಮೇಲೆ ನಾಳದ ಬಾಯಲ್ಲಿ ಕಂಚು ಕೆಂಪಾಗಿ, ಕಪ್ಪಾಗಿ, ನಿಂತಿತು.

ಮರುದಿನ ಅಗೆದು ಎತ್ತಿ ನಿಲ್ಲಿಸಿದರು. ಅಚ್ಚನ್ನು ಮುಖದ ಕಡೆಯಿಂದ ಒಡೆಯುವುದು ಆ ಮನೆಯಲ್ಲಿ ನಾಲ್ಕು ತಲೆಮಾರಿನ ಪದ್ಧತಿ. ಮುಖ ನೆಟ್ಟಗಿದ್ದರೆ ವೈನ್ ತೆಗೆಯುತ್ತಾರೆ, ಕೆಟ್ಟಿದ್ದರೆ ಯಾರೂ ಯಾರನ್ನೂ ನೋಡದೆ ಮನೆಗೆ ಹೋಗುತ್ತಾರೆ. ಗ್ವಾಲ್ತಿಯೆರೊ ಸುತ್ತಿಗೆ ಹಿಡಿದು ಮುಂದಕ್ಕೆ ಬಂದವನು, ಫೋಸ್ಕಾಳ ಕಡೆ ನೋಡಿದ, ಒಂದು ಗಳಿಗೆ ನಿಂತ, ಅಚ್ಚನ್ನು ಬಳಸಿ ಹಿಂದಕ್ಕೆ ಹೋದ.

ಸುಟ್ಟ ಮಣ್ಣು ಹೆಂಟೆ ಹೆಂಟೆಯಾಗಿ ಉದುರಿತು. ಮೊದಲು ಭುಜ ಕಂಡಿತು, ಎಡಗಡೆಯದು, ತಗ್ಗಿದ್ದು. ಆಮೇಲೆ ಪಟ್ಟಿ. ಅಮೆರಿಗೊ ಗ್ವಾಲ್ತಿಯೆರೊನ ಕೈಯಿಂದ ಸುತ್ತಿಗೆ ತೆಗೆದು ಪಕ್ಕಕ್ಕಿಟ್ಟು, ಉಳಿದದ್ದನ್ನು ಬೆರಳಿನಿಂದಲೇ ಬಿಡಿಸಿದ. ಬೂದಿ ಬಣ್ಣದ ಪುಡಿಯೊಳಗಿಂದ ಗಂಟು ಬಂತು, ಒಂದು ಕಿವಿ ಉದ್ದ, ಒಂದು ಗಿಡ್ಡ. ಸುರುಳಿ ಕೂದಲು ಮುರಿಯದೆ ಬಂದಿತ್ತು.

ಹುರುಳಿಯ ಬುದ್ದಲಿ ಶಾಲಿನಲ್ಲಿ ಹಿಡಿದು ಬಾಗಿಲಿಗೆ ಬಂದ ಅರ್ಜೆನೆ ಹೊಸ್ತಿಲಲ್ಲೇ ನಿಂತಳು. ಅವಳಿರುವ ಕಡೆಯಿಂದ ಕಾಣುತ್ತಿದ್ದದ್ದು ಬೆನ್ನು, ಮೂಟೆ, ಬಾಗಿದ ಕತ್ತು. ಬುದ್ದಲಿಯನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು.

"ಸ್ವಲ್ಪ ನಿಧಾನ ನಡಿಯೇ," ಎಂದಳು, ಅಲ್ಲಿದ್ದ ಯಾರಿಗೂ ಅಲ್ಲ.

ಯಾರೂ ವೈನ್ ತೆಗೆಯಲು ಹೋಗಲಿಲ್ಲ. ಅಮೆರಿಗೊ ಎರಡು ನರಗಳ ನಡುವಿನ ಕುಳಿಯಲ್ಲಿ ಉಳಿದಿದ್ದ ಮಣ್ಣನ್ನು ಬಾಯಿಂದ ಊದಿ ತೆಗೆದ. ಆಮೇಲೆ ಅಂಗೈಯನ್ನು ಅಲ್ಲಿಟ್ಟ. ರಾತ್ರಿಯೆಲ್ಲ ಮಣ್ಣಿನೊಳಗಿದ್ದ ಕಂಚು ಇನ್ನೂ ಬೆಚ್ಚಗಿತ್ತು.